ಕೊನೆಗದ್ದೆಯ ನೀರುಗಂಟಿ

ಮೇಡಂ ತೀರಿಕೊಂಡರು ಎಂದು ಫೋನು ಬಂದಾಗ ಮೊದಲು ಚುರುಗುಟ್ಟಿದ್ದು ನನ್ನ ಎಡಗೆನ್ನೆ. ಎಂದೋ ಅವರು ಬಾರಿಸಿದ್ದ ಕೆನ್ನೆ ಅದು. ಕರುಳು ಚುರುಕ್ಕೆಂದದ್ದು ಆಮೇಲೆ. ಸತ್ತವರ ಬಗ್ಗೆ ಒಳ್ಳೆಯ ಮಾತನ್ನೇ ಆಡಬೇಕಂತೆ. ಆಡುತ್ತೇನೆ, ಆದರೆ ಮೊದಲು ಏಟಿನ ವಿಷಯ, ಆಮೇಲೆ ಒಳ್ಳೆಯ ಮಾತು. ಅವರೂ ಬದುಕಿನುದ್ದಕ್ಕೂ ಹಾಗೆಯೇ ನಡೆದುಕೊಂಡವರು. ಹೆಸರು ಮಾತ್ರ ಬರೆಯುವುದಿಲ್ಲ. ನಂಜನಗೂಡಿನಲ್ಲಿ ಆ ಹೆಸರು ಕೇಳಿದರೆ ಈಗಲೂ ಮೈ ನೀವಿಕೊಳ್ಳುವ ಗಂಡಸರಿದ್ದಾರೆ, ಅವರಿಗೂ ಮಾನ ಅನ್ನುವುದು ಇರುತ್ತದೆ.

ನಮ್ಮ ಸರ್ಕಾರಿ ಕಚೇರಿಯಲ್ಲಿ ಅವರು ಸೂಪರಿಂಟೆಂಡೆಂಟು. ನಾನು ಕವಲಂದೆಯಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವ ಗುಮಾಸ್ತೆ. ಮೇಡಂ ಕುಳ್ಳಗೆ, ಗಟ್ಟಿಯಾಗಿ, ಒರಳುಕಲ್ಲಿನ ಹಾಗಿದ್ದರು. ಸೆರಗೆಳೆದು ಸೊಂಟಕ್ಕೆ ಸಿಕ್ಕಿಸಿದರೆ ಸಾಕು, ಸುತ್ತಲಿನ ಮೇಜುಗಳಲ್ಲಿ ತಲೆಗಳು ಫೈಲಿನೊಳಗೆ ಇಳಿಯುತ್ತಿದ್ದವು. ಸಿಟ್ಟು ಬಂದಾಗ ಕೈಗೆ ಸಿಕ್ಕಿದ್ದು ಹಾರುತ್ತಿತ್ತು. ಪೇಪರ್‌ವೇಟು, ಪಂಚಿಂಗ್ ಮೆಷಿನ್ನು, ಒಂದು ಸಲ ಮುಚ್ಚಳ ತೆಗೆದ ಸ್ಟಾಂಪ್ ಪ್ಯಾಡು. ಅದರ ನೇರಳೆ ಕಲೆ ಗೋಡೆಯ ಮೇಲೆ ಇನ್ನೂ ಇದೆ, ಸುಣ್ಣ ಹೊಡೆದರೂ ಹೋಗಿಲ್ಲ. ಬೆಳಿಗ್ಗೆ ಯಾರನ್ನು ಬೈದಿರುತ್ತಿದ್ದರೋ ಮಧ್ಯಾಹ್ನ ಅವರನ್ನೇ ಕರೆದು ತಮ್ಮ ಡಬ್ಬಿಯ ಉಪ್ಪಿನಕಾಯಿ ಬಡಿಸುತ್ತಿದ್ದರು. ಬೇಡ ಅಂದರೆ ಅದಕ್ಕೂ ಬೈಗುಳ.

ಅವರ ಹುಟ್ಟೂರು ಹೆಮ್ಮರಗಾಲ. ಅಪ್ಪನದು ನಾಲೆಯ ಕಟ್ಟಕಡೆಯ ಗದ್ದೆ. ನಾಲೆಯ ನೀರನ್ನು ಗದ್ದೆಗದ್ದೆಗೆ ಪಾಲು ಮಾಡಿ ಬಿಡುವ ನೀರುಗಂಟಿ ಎಂಬುವನು ಒಬ್ಬ ಇರುತ್ತಾನಲ್ಲ, ಅವನು ಮೇಲಿನ ಗದ್ದೆಯವರ ಮನೆಯಲ್ಲಿ ಉಂಡು ಮಲಗಿದ ದಿನ ಕೊನೆಗದ್ದೆಗೆ ಬರುವುದು ಬರೀ ಕೆಸರು. ಒಂದು ದಿನ ಅಪ್ಪ ತಾನೇ ಹೋಗಿ ತೂಬಿಗೆ ಕೈ ಹಾಕಿದರು. ಮೇಲಿನ ಗದ್ದೆಯವನು ಗುದ್ದಲಿ ಬೀಸಿದ. ಸ್ಕೂಲಿಗೆ ಹೊರಟಿದ್ದ ಹುಡುಗಿ ಅಪ್ಪನ ಸೀಳಿದ ತಲೆಯನ್ನು ತನ್ನ ಲಂಗದಲ್ಲಿ ಅದುಮಿ ಹಿಡಿದುಕೊಂಡು ಆಸ್ಪತ್ರೆಯವರೆಗೂ ಗಾಡಿಯಲ್ಲಿ ಕೂತಿದ್ದಳಂತೆ. ಅಪ್ಪ ಉಳಿದರು, ಮಾತು ತೊದಲಿತು. ಮೇಡಂ ಇದನ್ನು ನನಗೆ ಹೇಳಿದ್ದು ಒಂದು ಮಧ್ಯಾಹ್ನ, ಮನೆಗೆಂದು ಕೊಂಡ ಅವರೆಕಾಯಿಯನ್ನು ಕಚೇರಿಯ ಮೇಜಿನ ಮೇಲೆ ಸುಲಿಯುತ್ತ.

"ತಲೆಗದ್ದೆಯೋನು ಕೆಟ್ಟೋನಲ್ಲ ಕಣೆ ಪಾರ್ವತಿ," ಅಂದರು. "ಮೈಮರ್ತೋನು. ಅವ್ನು ನಿದ್ದೆ ಮಾಡ್ತಾನೆ, ಕೊನೆಗದ್ದೆಯೋನು ಸಾಯ್ತಾನೆ. ಎಬ್ಬುಸ್ಬೇಕು ಅಂದ್ರೆ ಒದ್ದೇ ಎಬ್ಬುಸ್ಬೇಕು."

ನಮ್ಮ ಕಟ್ಟಡಕ್ಕೆ ಮೂರು ಅಂತಸ್ತು. ಗಂಡಸರ ಶೌಚಾಲಯ ಕೆಳಗೆ, ಹೆಂಗಸರದು ತುತ್ತತುದಿಯಲ್ಲಿ. ಯಾವ ಪುಣ್ಯಾತ್ಮ ಹಾಗೆ ಕಟ್ಟಿಸಿದನೋ ಕಾಣೆ. ತಾರಸಿಯ ಮೇಲೆ ಇಡೀ ಕಟ್ಟಡಕ್ಕೆ ಒಂದೇ ಟ್ಯಾಂಕು. ಊರಿನ ನಲ್ಲಿ ನೀರು ದಿನ ಬಿಟ್ಟು ದಿನ, ಹಾಗಾಗಿ ಬೆಳಿಗ್ಗೆ ಒಂದು ಸಲ ಮೋಟಾರು ಹಾಕಿದರೆ ಮುಗಿಯಿತು. ಹನ್ನೊಂದು ಗಂಟೆಗೆಲ್ಲ ಟ್ಯಾಂಕು ಒಣಗುತ್ತಿತ್ತು. ಅಷ್ಟು ನೀರನ್ನೂ ಕುಡಿಯುತ್ತಿದ್ದದ್ದು ಕೆಳಗಿನ ಶೌಚಾಲಯ. ಅಲ್ಲಿ ಗಂಡಸರು ನಿಂತು ಹೊಯ್ಯುವ ಸಾಲಿನ ಮೇಲೆ ಒಂದು ಕಬ್ಬಿಣದ ಡಬ್ಬ, ಆಳಿದ್ದರೂ ಇಲ್ಲದಿದ್ದರೂ ತಾನೇ ತುಂಬಿ ತಾನೇ ಸುರಿಯುವಂಥದ್ದು. ಫ್ಲಶ್ ಟ್ಯಾಂಕುಗಳ ಸರಪಳಿ ಕಿತ್ತು ಎಷ್ಟೋ ಕಾಲವಾಗಿತ್ತು, ನೀರು ಕಮೋಡಿನೊಳಕ್ಕೆ ಸಣ್ಣಗೆ ಇಳಿಯುತ್ತಲೇ ಇರುತ್ತಿತ್ತು. ನಲ್ಲಿಗಳ ವಾಷರುಗಳೆಲ್ಲ ಸತ್ತಿದ್ದವು. ನೀರು ನಿಂತರೂ ಗಂಡಸರಿಗೆ ಚಿಂತೆಯಿಲ್ಲ, ಕಾಂಪೌಂಡಿನ ಗೋಡೆ ಇತ್ತು. ನಮಗೇನಿತ್ತು? ಮೇಲಧಿಕಾರಿಗಳಿಗೆ ಅರ್ಜಿ ಕೊಟ್ಟರೆ ನಕ್ಕು ಪಕ್ಕಕ್ಕಿಡುತ್ತಿದ್ದರು.

ಹಾಗಾಗಿ ನಾವು ಹೆಂಗಸರು ನೀರು ಕುಡಿಯುವುದನ್ನೇ ಬಿಟ್ಟಿದ್ದೆವು. ಬೆಳಿಗ್ಗೆ ಮನೆಯಲ್ಲಿ ಒಂದು ಲೋಟ, ಮತ್ತೆ ಸಂಜೆ ಮನೆ ಸೇರಿದ ಮೇಲೆ. ಕಪಿಲೆ ಕೂಗಳತೆಯಲ್ಲಿ ಹರಿಯುತ್ತಾಳೆ. ಒಂದು ಮಳೆಗಾಲ ಹೊಳೆ ಉಕ್ಕಿ ಮೈಸೂರಿನ ರಸ್ತೆಯೇ ಮುಚ್ಚಿತು, ಮೂರನೇ ಅಂತಸ್ತಿನ ಕಿಟಕಿಯಿಂದ ನೋಡಿದರೆ ದೂರದವರೆಗೂ ಕೆಂಪು ನೀರು. ಅಂದೂ ನಮ್ಮ ಶೌಚಾಲಯದ ನಲ್ಲಿ ತಿರುಗಿಸಿದರೆ ಬುಸ್ಸೆಂದು ಗಾಳಿ ಬಂತು.

ನನ್ನ ಕೆನ್ನೆಯ ಕಥೆ ಆ ವರ್ಷದ್ದೇ. ಹೊಟ್ಟೆಯ ಕೆಳಗೆ ನೋವು, ಉರಿ, ಚಳಿಜ್ವರ. ಬಾಯಿಬಿಟ್ಟು ಹೇಳುವ ಕಾಯಿಲೆಯೇ ಅದು? ಮಾತ್ರೆ ನುಂಗಿ ಬಂದು ಕೂರುತ್ತಿದ್ದೆ. ಒಂದು ದಿನ ಮೇಜಿಗೆ ತಲೆಯಿಟ್ಟು ಗಡಗಡ ನಡುಗುತ್ತಿದ್ದಾಗ ಮೇಡಂ ಬಂದು ಏನು ಎತ್ತ ಎಂದು ಕೇಳಿದರು. ಹೇಳಿದೆ. ನೀರು ಕುಡಿದು ಎಷ್ಟು ಹೊತ್ತಾಯಿತು ಅಂದರು. ಅದನ್ನೂ ಹೇಳಿದೆ. ಅಷ್ಟೇ, ಎಲ್ಲರೆದುರಿಗೆ ಫಟೀರೆಂದು ಬಿತ್ತು.

"ಸಾಯಕ್ಕೆ ಸಂಬ್ಳ ಕೊಡ್ತಾರೇನೆ ನಿಂಗೆ? ಕುಡಿ! ಕುಡ್ದು ಇಲ್ಲೇ ಹೊಯ್ಕೊ. ಆ ಮುಂಡೇವು ಬಂದು ಒರುಸ್ಲಿ!"

ಕೆನ್ನೆ ಹಿಡಿದುಕೊಂಡು ಕೂತಿದ್ದ ನನ್ನ ಬಾಯಿಗೆ ತಮ್ಮ ಬಾಟಲಿಯನ್ನೇ ತುರುಕಿದರು. ಕುಡಿಸಿದ ಮೇಲೆ ನನ್ನನ್ನು ತಬ್ಬಿಕೊಂಡು ನನಗಿಂತ ಹೆಚ್ಚು ಅತ್ತವರೂ ಅವರೇ. ಅಂದು ನಾನು ಅವರನ್ನು ಮನಸಾರೆ ಶಪಿಸಿದ್ದೆ. ಆಮೇಲೆ ಶಾಪ ಹಿಂತೆಗೆದುಕೊಂಡೆನೋ ಇಲ್ಲವೋ ನೆನಪಿಲ್ಲ.

ಅದಾದ ಕೆಲವು ತಿಂಗಳಿಗೆ ಶೋಭಾ ಬಿದ್ದಳು. ನಮ್ಮ ಟೈಪಿಸ್ಟು, ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಬಸುರಿಯಾಗಿದ್ದವಳು. ಬಸುರಿಗೆ ಶೌಚಾಲಯಕ್ಕೆ ಹೋಗದೆ ಇರಲು ಆಗುತ್ತದೆಯೇ? ಕೆಳಗಿನ ತೊಟ್ಟಿಯಿಂದ ಬಕೆಟ್ಟು ತುಂಬಿಕೊಂಡು ಮೆಟ್ಟಿಲು ಹತ್ತುತ್ತಿದ್ದಳು, ಯಾರಿಗೂ ಹೇಳಿರಲಿಲ್ಲ. ಬಕೆಟ್ಟು ಮೊದಲು ಉರುಳಿತು, ಹಿಂದೆಯೇ ಅವಳು. ನಾನು ಮತ್ತು ಮೇಡಂ ಅವಳನ್ನು ಎತ್ತಿ ಆಟೋಗೆ ಹಾಕಿಕೊಂಡು ಓಡಿದೆವು. ಮೆಟ್ಟಿಲ ಮೇಲಿನ ನೀರೆಲ್ಲ ಕೆಂಪಾಗಿತ್ತು. ಮಗು ಉಳಿಯಲಿಲ್ಲ.

ನಾವು ಕಚೇರಿಗೆ ವಾಪಸ್ಸು ಬಂದಾಗ ಊಟದ ಹೊತ್ತು ಕಳೆದಿತ್ತು. ಮೇಡಂ ಸೀರೆಯ ಮೇಲೆ ಶೋಭಾಳ ರಕ್ತ ಒಣಗಿತ್ತು. ಆ ದಿನ ಯಾರೋ ದೊಡ್ಡ ಸಾಹೇಬರು ಬರುವವರಿದ್ದರೆಂದು ಎರಡನೇ ಸಲ ಮೋಟಾರು ಹಾಕಿದ್ದರು. ಗಂಡಸರ ಶೌಚಾಲಯದ ಬಾಗಿಲು ತೆರೆದಿತ್ತು. ಒಳಗೆ ಒಂದು ನರಪಿಳ್ಳೆ ಕಾಣಲಿಲ್ಲ, ನೀರು ಮಾತ್ರ ಜೋರಾಗಿ ಸುರಿಯುತ್ತಿತ್ತು. ಮೇಡಂ ಅಲ್ಲೇ ನಿಂತು ಕೇಳಿಸಿಕೊಂಡರು. ಆಮೇಲೆ ಮೋಟಾರು ಕೋಣೆಗೆ ಹೋಗಿ, ಪೈಪು ತಿರುಗಿಸುವ ದೊಡ್ಡ ಪಾನಾ ಹಿಡಿದು ಬಂದರು.

ನಾನು ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ. ಮೊದಲ ಏಟಿಗೆ ಗೋಡೆಯ ಕಬ್ಬಿಣದ ಡಬ್ಬ ಕಿತ್ತು ನೆಲಕ್ಕೆ ಬಂತು. ಎರಡನೆಯದಕ್ಕೆ ಫ್ಲಶ್ ಟ್ಯಾಂಕು ಬೂದುಗುಂಬಳದ ಹಾಗೆ ಒಡೆಯಿತು. ಕೈತೊಳೆಯುವ ಬೇಸಿನ್ನುಗಳನ್ನು ಬುಡಕ್ಕೇ ಹೊಡೆದು ಉರುಳಿಸಿದರು. ಪಿಂಗಾಣಿ ಚೂರು ಅವರ ಅಂಗೈ ಸೀಳಿತು, ಹಿಡಿ ಜಾರಿತು, ಸೆರಗಿನಲ್ಲಿ ಕೈ ಸುತ್ತಿಕೊಂಡು ಮತ್ತೆ ಹೊಡೆದರು. ಒಳಗಿನ ಕಕ್ಕಸಿನಲ್ಲಿ ಬಾಗಿಲು ಹಾಕಿಕೊಂಡಿದ್ದ ಒಬ್ಬ ಬಡಪಾಯಿ ಪ್ಯಾಂಟು ಹಿಡಿದುಕೊಂಡು ಹಾರಿ ಓಡಿದ. ಹೊರಗೆ ಗಂಡಸರ ಗುಂಪು ಸೇರಿತ್ತು, ಒಬ್ಬನೂ ಒಳಗೆ ಕಾಲಿಡಲಿಲ್ಲ. ಎಲ್ಲ ಮುಗಿದು ಅವರು ಹೊರಬಂದ ಮೇಲೆ ನನಗೆ ಒಂದು ವಿಷಯ ಹೊಳೆಯಿತು. ಅಷ್ಟು ಪೈಪು ಮುರಿದಿದ್ದರೂ ನೆಲ ಹೆಚ್ಚು ನೆನೆದಿರಲಿಲ್ಲ. ಪಾನಾ ತರಲು ಹೋದವರು ವಾಲ್ವನ್ನೂ ಮುಚ್ಚಿ ಬಂದಿದ್ದರು.

ಸರ್ಕಾರಿ ಸ್ವತ್ತು ಹಾಳು ಮಾಡಿದ್ದಕ್ಕೆ ವಿಚಾರಣೆ ನಡೆಯಿತು. ವಿಚಾರಣೆಗೆ ಬಂದ ಸಾಹೇಬರು ಒಳ್ಳೆಯವರು, ಹೇಗಾದರೂ ಬಚಾವು ಮಾಡೋಣ ಎಂದು, "ಏನಮ್ಮ, ಮಾಡಿದ್ದಕ್ಕೆ ಪಶ್ಚಾತ್ತಾಪ ಇದೆಯಾ?" ಎಂದು ಕೇಳಿದರು.

"ಇದೆ ಸಾ," ಅಂದರು ಮೇಡಂ, ಪಟ್ಟಿ ಕಟ್ಟಿದ ಕೈ ಮುಂದಿಟ್ಟುಕೊಂಡು. "ಮೂಲೇಲಿ ಒಂದು ನಲ್ಲಿ ಉಳ್ಕಂಡ್ಬುಡ್ತು."

ಶೋಭಾಳ ವಿಷಯ ಹೊರಗೆ ಹೋದರೆ ಎಲ್ಲರ ತಲೆಗೂ ಸುತ್ತಿಕೊಳ್ಳುತ್ತಿತ್ತು. ಎಚ್ಚರಿಕೆ ಕೊಟ್ಟು ಕೈಬಿಟ್ಟರು. ಹೇಗಿದ್ದರೂ ಹೊಸದು ಹಾಕಿಸಲೇಬೇಕಿತ್ತು. ಒಡೆದವರೇ ನಿಂತು ಹಾಕಿಸಲಿ ಎಂದು ಕೆಲಸವನ್ನೂ ಅವರ ತಲೆಗೇ ಕಟ್ಟಿದರು. ಅವರಿಗೆ ಅದು ಶಿಕ್ಷೆ ಅನ್ನಿಸಲೇ ಇಲ್ಲ.

ಪ್ಲಂಬಿಂಗಿನ ಗಂಧಗಾಳಿ ಮೇಡಂಗೆ ಇರಲಿಲ್ಲ. ಮೈಸೂರಿನ ಅಂಗಡಿಗಳಿಗೆ ನನ್ನನ್ನೂ ಎಳೆದುಕೊಂಡು ಹೋದರು. ನಲ್ಲಿಯ ಬಾಯಿಗೆ ಸಿಕ್ಕಿಸುವ ಸಣ್ಣ ಜಾಲರಿ, ಗಾಳಿ ಬೆರೆಸಿ ಕಡಿಮೆ ನೀರನ್ನೇ ದಪ್ಪ ಧಾರೆಯಾಗಿ ಬಿಡುವಂಥದ್ದು. ಎರಡು ಗುಂಡಿಯ ಫ್ಲಶ್ ಟ್ಯಾಂಕು. ಒತ್ತಿದರೆ ಒಂದಿಷ್ಟು ನೀರು ಬಿಟ್ಟು ತಾನೇ ನಿಲ್ಲುವ ನಲ್ಲಿ. ಅಂಗಡಿಯವನನ್ನು ಗದರಿಸಿ ಒಂದೊಂದನ್ನೂ ನಮ್ಮೆದುರೇ ನೀರು ಬಿಡಿಸಿ ನೋಡಿದರು. ಹಾಕಿಸಿದ ದಿನ ಗಂಡಸರನ್ನೆಲ್ಲ ಸಾಲಾಗಿ ನಿಲ್ಲಿಸಿ ಪಾಠ ಮಾಡಿದರು. "ಚಿಕ್ಕುದ್ಕೆ ಚಿಕ್ಕ ಗುಂಡಿ, ದೊಡ್ಡುದ್ಕೆ ದೊಡ್ಡ ಗುಂಡಿ. ಚಿಕ್ಕುದ್ಕೆ ದೊಡ್ಡುದ್ನ ಒತ್ತಿದೋನ ಬೆಳ್ಳು ಮುರೀತೀನಿ." ಗಂಡಸರು ನಾಚಿಕೆಯಿಂದ ನೆಲ ನೋಡಿದರು, ನಾವು ಹೆಂಗಸರು ಮೆಟ್ಟಿಲ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆವು.

ನಗು ಒಂದು ವಾರವೂ ಬಾಳಲಿಲ್ಲ. ಮತ್ತೆ ಹನ್ನೆರಡಕ್ಕೇ ಮೇಲೆ ಗಾಳಿ. ಮೇಡಂ ಕೆಳಗಿಳಿದು ನೋಡಿದರೆ ಒತ್ತುವ ನಲ್ಲಿಗಳ ತಲೆಗೆ ಬಿದಿರುಕಡ್ಡಿ ಸಿಕ್ಕಿಸಿ ದಾರ ಬಿಗಿದಿದ್ದರು. ನೀರು ಮೊದಲಿನ ಹಾಗೇ ಒಂದೇ ಸಮನೆ ಸುರಿಯುತ್ತಿತ್ತು. ಮೇಡಂ ಕಡ್ಡಿ ಕಿತ್ತೆಸೆದರು. ಮಾರನೇ ದಿನ ಹೊಸ ಕಡ್ಡಿ. ಯಾರ ಕೆಲಸ ಎಂದು ಕೇಳಿದರೆ ಯಾರೂ ಬಾಯಿ ಬಿಡರು. ಮೇಡಂ ಬೆನ್ನ ಹಿಂದೆ "ನೀರುಗಂಟಿ ಬಂತು, ನೀರುಗಂಟಿ ಬಂತು" ಎಂದು ಪಿಸುಗುಟ್ಟುವುದು ಆಗ ಶುರುವಾಯಿತು. ಅದು ಅವರ ಕಿವಿಗೂ ಬಿತ್ತು. "ಬೈಗುಳ ಅನ್ಕಂಡವ್ರೆ, ಪಾಪ," ಅಂದರು ನನಗೆ.

ಕೊನೆಗೆ ಸಿಕ್ಕಿಬಿದ್ದವನು ಮಾದೇವಸ್ವಾಮಿ. ನಮ್ಮ ಕಚೇರಿಯ ಗಂಡಸರಲ್ಲೆಲ್ಲ ಎತ್ತರದ ಆಳು, ಎಲ್ಲಕ್ಕೂ ಮುಂದಾಳು. ಊಟದ ಹೊತ್ತಿನಲ್ಲಿ, ಬಲಗೈಯೆಲ್ಲ ಸೊಪ್ಪಿನ ಸಾರು, ಎಡಗೈಯಲ್ಲಿ ಬಿದಿರುಕಡ್ಡಿ ಹಿಡಿದು ನಲ್ಲಿಗೆ ಸಿಕ್ಕಿಸುತ್ತಿದ್ದ. ಮೇಡಂ ಹಿಂದಿನಿಂದ ಅವನ ಕಾಲರು ಹಿಡಿದು ಎಳೆದರು.

"ನಿನ್ ಮನೆ ಆಳಾಗ! ಒಂದು ಜೀವ ಓಯ್ತು, ಸಾಲ್ದಾ ನಿಂಗೆ?"

"ಕೈ ತೆಗೀರಿ ಮೇಡಂ! ಎಂಗ್ಸು ಅಂತ ಸುಮ್ಕಿವ್ನಿ!"

"ಸುಮ್ಕಿರ್ಬ್ಯಾಡ. ಅದೇನ್ ಕಿಸೀತೀಯೋ ಕಿಸಿ!"

ಕೆನ್ನೆಗೆ ಒಂದು ಬಿಗಿದರು. ಅವನು ಕಡ್ಡಿ ಬಿಸಾಕಿ, ಬೇಸಿನ್ನಿನ ಮೇಲಿಟ್ಟಿದ್ದ ಮೂರು ಡಬ್ಬಿಯ ಕ್ಯಾರಿಯರು ಎತ್ತಿ ಬೀಸಿದ. ಅದು ಹುಬ್ಬಿನ ಮೇಲೆ ಬಿತ್ತು. ಹುಬ್ಬು ಹರಿದು ಒಂದು ಕಣ್ಣು ರಕ್ತದಲ್ಲಿ ಮುಚ್ಚಿಹೋಯಿತು. ಮೇಡಂ ಕೂಗಲಿಲ್ಲ. ತಮ್ಮನ್ನು ತಳ್ಳಲು ಬಂದ ಅವನ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದು, ಕಿರುಬೆರಳನ್ನು ಬಾಯಿಗೆ ಹಾಕಿಕೊಂಡು ಕಚ್ಚಿದರು. ಮೂಳೆ ಲಟಕ್ಕೆಂದದ್ದು ಬಾಗಿಲಲ್ಲಿದ್ದ ನನಗೂ ಕೇಳಿಸಿತು. ಆರಡಿ ಆಳು ಅವ್ವಾ ಎಂದು ಕೂಗಿ ಕುಸಿದು ಕೂತ. ನಾಲ್ಕು ಜನ ಸೇರಿ ಬಿಡಿಸಬೇಕಾಯಿತು.

ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಹುಬ್ಬಿಗೆ ಹೊಲಿಗೆ ಹಾಕುವ ಮೊದಲು ಬೆಂಚಿನ ಮೇಲೆ ಕೂತಿದ್ದೆವು. ಮೇಡಂ ನಾಲಗೆಯನ್ನು ಬಾಯೊಳಗೆ ಅತ್ತಿತ್ತ ಆಡಿಸುತ್ತಿದ್ದರು. ಹಲ್ಲು ಮುರಿಯಿತೇನೋ ಅಂದುಕೊಂಡೆ. ಇದ್ದಕ್ಕಿದ್ದಂತೆ ನಗತೊಡಗಿದರು. ತಲೆಗೆ ಪೆಟ್ಟಾಗಿದೆ, ಬುದ್ಧಿಗೇನೋ ಆಯಿತು ಎಂದು ನರ್ಸನ್ನು ಕೂಗಲು ಎದ್ದೆ.

"ಸೊಪ್ಪಿನ್ ಸಾರು ಕಣೆ!" ಅಂದರು. "ಆ ನನ್ಮಗನ ಬೆಳ್ಳಲ್ಲಿ ಸೊಪ್ಪಿನ್ ಸಾರು! ಎಂಜಲು ಕೈ! ನಾವೆಂಥ ಪೆದ್ದ್ ಮುಂಡೇವು ಪಾರ್ವತಿ, ಎಂಜಲು ಕೈನೇ ಮರ್ತಿದ್ವಲ್ಲೆ!"

ಆಮೇಲೆ ನನಗೂ ಅರ್ಥವಾಯಿತು. ಹಳೆಯ ನಲ್ಲಿಯನ್ನು ಉಣ್ಣುವ ಮೊದಲೇ ಎಡಗೈಯಲ್ಲಿ ಸ್ವಲ್ಪ ತಿರುಗಿಸಿ ಬಿಟ್ಟಿದ್ದರೆ ಬಂದು ಕೈ ಒಡ್ಡಿದರಾಯಿತು. ಈ ಹೊಸ ನಲ್ಲಿ ಕೈ ತೊಳೆಯುವಷ್ಟರಲ್ಲಿ ನಿಲ್ಲುತ್ತದೆ, ಮತ್ತೆ ಒತ್ತಬೇಕು. ಬಾಯಿ ಮುಕ್ಕಳಿಸಲು ಮತ್ತೆ, ಡಬ್ಬಿ ತೊಳೆಯಲು ಮತ್ತೆ. ಎಡಗೈಯಲ್ಲಿ ಡಬ್ಬಿ ಹಿಡಿದವನು ಯಾವ ಕೈಯಲ್ಲಿ ಒತ್ತಬೇಕು? ಎಂಜಲು ಕೈಯಲ್ಲೇ. ಅದೇ ನಲ್ಲಿಯನ್ನು ಹಿಂದಿನವನು ಮುಟ್ಟಬೇಕು. ಕಚೇರಿಯಲ್ಲಿ ಸೋಸಲೆಯ ಆಚಾರ್ಯರಿದ್ದರು, ಮಠದ ಮನೆತನದವರು, ಲೆಕ್ಕದ ವಿಭಾಗ. ಅವರಂತೂ ಆ ನಲ್ಲಿ ಬಂದ ಮೇಲೆ ಮಧ್ಯಾಹ್ನದ ಊಟವನ್ನೇ ಬಿಟ್ಟಿದ್ದರಂತೆ, ನಮಗೆ ಗೊತ್ತೇ ಇರಲಿಲ್ಲ. ಕಡ್ಡಿ ಸಿಕ್ಕಿಸಿದವರದು ಬರೀ ಪುಂಡಾಟವಲ್ಲ. ದಿನಾ ಕೈಯಲ್ಲಿ ಕಲಸಿ ಉಣ್ಣುವ ನಾವೇ ಅಂಗಡಿಯಲ್ಲಿ ಅದನ್ನು ಯೋಚಿಸಿರಲಿಲ್ಲ.

ಆಸ್ಪತ್ರೆಯ ಹಜಾರದಲ್ಲಿ ಯಾವುದೋ ಕಾಲದಲ್ಲಿ ಇಟ್ಟಿದ್ದ ಒಂದು ಕೈತೊಳೆಯುವ ಸ್ಟ್ಯಾಂಡು ಮೂಲೆ ಸೇರಿತ್ತು. ಕೆಳಗೆ ಪೆಡಲು, ಕಾಲಲ್ಲಿ ಒತ್ತಿದರೆ ನೀರು, ಬಿಟ್ಟರೆ ನಿಲ್ಲುತ್ತದೆ. ಮೇಡಂ ಹೊಲಿಗೆ ಹಾಕಿಸಿಕೊಂಡು ಬಂದವರು ಒಂದೇ ಕಣ್ಣಿನಲ್ಲಿ ಅದನ್ನು ನೋಡಿದರು. ಹತ್ತಿರ ಹೋಗಿ ಪೆಡಲು ತುಳಿದರು, ಬಿಟ್ಟರು, ತುಳಿದರು, ಬಿಟ್ಟರು. ನರ್ಸು ಬೈದು ಓಡಿಸುವವರೆಗೂ ಅಲ್ಲೇ ಇದ್ದರು.

ಪೆಡಲು ಕೂರಿಸಿದ ದಿನ ಗಂಡಸರೆಲ್ಲ ದೂರದಲ್ಲಿ ಗುಂಪಾಗಿ ನಿಂತಿದ್ದರು. ಮಾದೇವಸ್ವಾಮಿ ಬೆರಳಿಗೆ ಕಟ್ಟು ಹಾಕಿಕೊಂಡು ಎಲ್ಲರ ಹಿಂದೆ. ಅವನು ದೂರು ಕೊಟ್ಟಿರಲಿಲ್ಲ, 'ಮೇಡಂ ಕಚ್ಚಿದರು' ಎಂದು ಬರೆಯಲು ಅವನಿಗೂ ಆಗಿರಲಿಲ್ಲ. ಮೇಡಂ ಹೊಲಿಗೆ ಹಾಕಿದ ಹುಬ್ಬು ಎತ್ತಿ ಹೇಳಿದರು:

"ನೋಡಿ, ಕೈಲಿ ಮುಟ್ಟಂಗಿಲ್ಲ, ಎಂಜಲಾಗಕಿಲ್ಲ. ನನ್ಮ್ಯಾಲೆ ಸಿಟ್ಟಿರೋರೆಲ್ಲ ಬಂದು ಇದುನ್ನ ಒದೀರಿ. ಎಷ್ಟು ಒದ್ರೂ ತಡೀತದೆ, ಗಟ್ಟಿ ಕಬ್ಣ."

ಮೊದಲು ಬಂದವನು ಮಾದೇವಸ್ವಾಮಿಯೇ. ಅವನು ಒದ್ದ ಒದೆಗೆ ಗೋಡೆ ನಡುಗಿತು. ನೀರು ಬಂತು, ಕಾಲು ತೆಗೆದ, ನಿಂತಿತು. ಇನ್ನೊಂದು ಸಲ ಒದ್ದು ನೋಡಿದ. ಡಬ್ಬಿ ತೊಳೆದುಕೊಂಡು ಹೋದ.

ಆಚಾರ್ಯರು ಮಾತ್ರ ಬಾಗಿಲಲ್ಲೇ ನಿಂತರು. "ಅಲ್ಲಮ್ಮಾ, ನೀರು ಅಂದ್ರೆ ಗಂಗೆ. ಈ ಊರಲ್ಲಿ ಕಪಿಲೆ, ನಮ್ಮೂರಲ್ಲಿ ಕಾವೇರಿ. ತಾಯೀನ ಕಾಲಲ್ಲಿ ತುಳಿದು ಕರೆಯೋದೇ?"

ಮೇಡಂ ರೇಗುತ್ತಾರೆ ಎಂದು ನಾವು ಕಾದೆವು. ರೇಗಲಿಲ್ಲ. "ಆಚಾರ್ರೇ, ನೀವು ಒಳೇಗೆ ಸ್ನಾನಕ್ಕೆ ಇಳೀತೀರಲ್ಲ, ತಲೆ ಮೊದ್ಲು ಇಳೀತದಾ, ಕಾಲಾ?"

ಆಚಾರ್ಯರು ತಮ್ಮ ಕಾಲನ್ನೇ ನೋಡಿಕೊಂಡರು. "ಕಾಲೇ. ಆದ್ರೆ ಇಳಿಯೋ ಮುಂಚೆ ಕ್ಷಮೆ ಕೇಳ್ತೀವಮ್ಮ."

"ಇಲ್ಲೂ ಕೇಳಿ."

ಅಂದಿನಿಂದ ಆಚಾರ್ಯರು ನಿವೃತ್ತರಾಗುವವರೆಗೂ, ನಲ್ಲಿಯ ಮುಂದೆ ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸಿ, ಆಮೇಲೆ ಮೆಲ್ಲಗೆ ಪೆಡಲು ತುಳಿಯುತ್ತಿದ್ದರು. ಯಾರೂ ನಗುತ್ತಿರಲಿಲ್ಲ. ನಕ್ಕ ಒಬ್ಬನಿಗೆ ಮೇಡಂ ಎಸೆದ ಚಪ್ಪಲಿ ಬಿತ್ತು.

ಮೇಲೆ ನಮ್ಮ ಶೌಚಾಲಯಕ್ಕೂ ಅದೇ ಪೆಡಲು, ಅದೇ ಎರಡು ಗುಂಡಿ. ಮೊದಲ ದಿನ ಹನ್ನೊಂದಾಯಿತು, ಒಂದಾಯಿತು, ಮೂರಾಯಿತು. ನಾವು ಹೆಂಗಸರು ಸುಮ್ಮಸುಮ್ಮನೆ ಎದ್ದು ಹೋಗಿ, ತುಳಿದು ನೋಡಿ ಬರುತ್ತಿದ್ದೆವು. ಸಂಜೆ ಬ್ಯಾಗು ಹೆಗಲಿಗೆ ಹಾಕಿಕೊಂಡಾಗಲೂ ನೀರಿತ್ತು.

ಶೋಭಾ ರಜೆ ಮುಗಿಸಿ ಬಂದದ್ದು ಅದಾದ ಮೇಲೆ. ಒಣಗಿಹೋಗಿದ್ದಳು. ಮೇಡಂ ಕೈ ಹಿಡಿದು ನಲ್ಲಿಯ ಹತ್ತಿರ ಕರೆದುಕೊಂಡು ಹೋದರು, ನಾನೂ ಹಿಂದೆ ಹೋದೆ. "ತುಳಿ," ಅಂದರು. ಶೋಭಾ ತುಳಿದಳು. ನೀರು ಬಂತು. ಅವಳು ಅದನ್ನೇ ನೋಡುತ್ತ ನಿಂತಳು. ಆಮೇಲೆ ಒದ್ದಳು. ಮತ್ತೆ ಒದ್ದಳು. ಗೋಡೆ ಹಿಡಿದುಕೊಂಡು, ಹಲ್ಲು ಕಚ್ಚಿ, ಚಪ್ಪಲಿ ಕಿತ್ತುಹೋದರೂ ಬಿಡದೆ ಒದೆಯುತ್ತಲೇ ಹೋದಳು. ಪ್ರತಿ ಒದೆಗೂ ನೀರು ಚಿಮ್ಮಿ ಅವಳ ಸೀರೆ, ನೆಲ, ನಮ್ಮ ಕಾಲು ಎಲ್ಲ ತೊಯ್ದುಹೋಯಿತು. ನಾನು ತಡೆಯಲು ಹೋದೆ. ಮೇಡಂ ನನ್ನ ರಟ್ಟೆ ಹಿಡಿದುಕೊಂಡರು.

"ಬುಡು," ಅಂದರು. "ಓಗ್ಲಿ ನೀರು."

ಬಾಗಿಲಿಗೆ ಬೆನ್ನು ಕೊಟ್ಟು, ಯಾರೂ ಒಳಗೆ ಬಾರದಂತೆ ಕಾವಲು ನಿಂತರು. ಅವರ ಎದುರಿಗೆ ಅಷ್ಟು ನೀರು ದಂಡವಾದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಹೊಡೆದಾಟದ ಸುದ್ದಿ ಮೈಸೂರು ತಲುಪಿ, ಮೇಡಂಗೆ ತಿ. ನರಸೀಪುರಕ್ಕೆ ವರ್ಗ ಆಯಿತು. ಅಲ್ಲಿ ಮನೆ ಮಾಡಿಕೊಂಡು ಅಲ್ಲೇ ಉಳಿದರು. ಒಮ್ಮೆ ನೋಡಲು ಹೋದಾಗ ಕಚೇರಿಯ ಅಂಗಳದಲ್ಲೇ ಸಿಕ್ಕರು. ಜೀಪಿನ ಡ್ರೈವರ್ ಒಬ್ಬ ಕುಡಿಯುವ ನೀರಿನ ಪೈಪು ಹಿಡಿದು ಜೀಪು ತೊಳೆಯುತ್ತಿದ್ದ. ಮೇಡಂ ನನ್ನ ಕುಶಲ ಕೇಳುತ್ತಲೇ ಪಕ್ಕದ ಖಾಲಿ ಬಕೆಟ್ಟು ಎತ್ತಿ ಅವನ ಬೆನ್ನಿಗೆ ಎಸೆದರು. "ಅಮ್ಮ ಚೆನ್ನಾಗವ್ರಾ?" ಎಂದು ನನ್ನನ್ನು ಕೇಳಿದ್ದಕ್ಕೂ ಬಕೆಟ್ಟು ಬಿದ್ದ ಸದ್ದಿಗೂ ನಡುವೆ ಉಸಿರಾಡುವಷ್ಟೂ ಬಿಡುವಿರಲಿಲ್ಲ. "ಮೂರು ಒಳೆ ಕೂಡೋ ಊರಂತೆ. ಇಲ್ಲೂ ಮ್ಯಾಲಕ್ಕೆ ನೀರಿಲ್ಲ," ಅಂದರು. ಅಲ್ಲೂ ಪೆಡಲು ಕೂರಿಸಿಯೇ ನಿವೃತ್ತರಾದರು. ಅಲ್ಲಿ ಎಷ್ಟು ಜನರಿಗೆ ಏಟು ಬಿತ್ತೋ ನಾನು ವಿಚಾರಿಸಲಿಲ್ಲ.

ಸಂಸ್ಕಾರಕ್ಕೆ ನಾನೂ ಹೋದೆ. ಸುಟ್ಟು ಬಂದವರು ಅಂಗಳದಲ್ಲಿ ಕಾಲು ತೊಳೆಯುತ್ತಿದ್ದರು. ಅವರ ನಡುವೆ ಮಾದೇವಸ್ವಾಮಿಯನ್ನು ಕಂಡು ನನಗೆ ಆಶ್ಚರ್ಯವಾಯಿತು. ತಲೆ ನರೆತಿತ್ತು. ನನ್ನ ಹತ್ತಿರ ಬಂದು ಬಲಗೈ ಚಾಚಿದ. ಕಿರುಬೆರಳು ಇನ್ನೂ ಸೊಟ್ಟಗೇ ಇತ್ತು.

"ಚಳಿಗಾಲ ಬಂದ್ರೆ ನೋಯ್ತದೆ ಕಣ್ರೀ. ಒಂದು ಮಾತು ತಪ್ಪಾಯ್ತು ಅನ್ನಲಿಲ್ಲ ಆಯಮ್ಮ."

"ನೀನು ಅಂದಿದ್ಯಾ?" ಅಂದೆ.

"ನಾನ್ಯಾಕ್ ಅನ್ಲಿ?" ಅಂದ. ಆಮೇಲೆ ಆ ಸೊಟ್ಟ ಬೆರಳಿನಿಂದಲೇ ಕಣ್ಣು ಒರೆಸಿಕೊಂಡ. "ಒಡೆದಾಡಾಕೆ ಅಂತ ಒಬ್ರಿದ್ರು. ಓದ್ರು."

ಮಾರನೇ ದಿನ ಕೆಲಸಕ್ಕೆ ಬಂದೆ. ಮನಸ್ಸಿರಲಿಲ್ಲ, ಯಾರ ಮೇಲಾದರೂ ಹರಿಹಾಯಬೇಕು ಅನ್ನಿಸುತ್ತಿತ್ತು. ನನ್ನ ಪಕ್ಕದ ಮೇಜಿಗೆ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿ ಇದ್ದಾಳೆ. ಚೂಟಿ, ಬಾಯಿ ಜೋರು. ಮೇಜಿನ ಮೇಲೆ ಯಾವಾಗಲೂ ಒಂದು ದೊಡ್ಡ ಗುಲಾಬಿ ಬಾಟಲಿ, ಬೆಳಗಿನಿಂದ ಗಟಗಟ ಕುಡಿಯುತ್ತಲೇ ಇರುತ್ತಾಳೆ. ಸಂಜೆ ಮನೆಗೆ ಹೊರಡುವ ಹೊತ್ತು ಹತ್ತಿರ ಬಂದಿತ್ತು. ಬಾಟಲಿಯನ್ನು ತಲೆಕೆಳಗೆ ಮಾಡಿ ಕೊನೆಯ ಹನಿಯನ್ನೂ ಬಾಯಿಗೆ ಬಿಟ್ಟುಕೊಂಡು ಎದ್ದಳು.

"ಅಲ್ಲಾ ಅಕ್ಕ, ಆ ಪೆಡಲ್ಲು ಏನ್ ದರಿದ್ರ! ದಿನಾ ಸೀರೆ ಸಿಕ್ಕಾಕತ್ತದೆ. ಒದ್ದು ಒದ್ದು ಕಾಲ್ ನೋವು. ಯಾವ್ ಪುಣ್ಯಾತ್ಗಿತ್ತಿ ಆಕ್ಸಿದ್ಲು ಅದುನ್ನ?"

ನನ್ನ ಕೈ ಎದ್ದಿತು. ನಿಜವಾಗಿಯೂ ಎದ್ದಿತು, ಅವಳ ಕೆನ್ನೆಯ ಮಟ್ಟಕ್ಕೆ. ಅವಳು ಅದನ್ನು ನೋಡಲೇ ಇಲ್ಲ. ಖಾಲಿ ಬಾಟಲಿ ಮೇಜಿನ ಮೇಲೆ ಕುಕ್ಕಿ, ಅವಸರದಿಂದ ಹಜಾರದ ಕೊನೆಗೆ ಓಡಿದಳು. ಶೌಚಾಲಯದ ಬಾಗಿಲು ಬಡಿದುಕೊಂಡಿತು. ಸ್ವಲ್ಪ ಹೊತ್ತಿಗೆ ಪೆಡಲಿನ ಮೇಲೆ ಕಾಲು ಬಿದ್ದ ಸದ್ದು, ಧಡ್ ಧಡ್ ಎಂದು, ಇಲ್ಲಿಯವರೆಗೂ ಕೇಳಿಸಿತು.

ವಾಪಸ್ಸು ಬಂದವಳು ಟವೆಲು ಸಿಗದೆ ಎರಡೂ ಕೈ ಕೊಡವಿದಳು. ಹನಿಗಳು ಬಂದು ನನ್ನ ಕೆನ್ನೆಗೆ ಬಿದ್ದವು. ಒರೆಸಿಕೊಳ್ಳಲಿಲ್ಲ.